ಮೇಘನಾಳಿಗೆ ಎಡೆ ಇಟ್ಟ ದಿನ

ಬಸ್ಸು ಸಿಗದೇ ಹೋಗಬಹುದಿತ್ತು. ಸಿಕ್ಕರೂ ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಗುಬ್ಬಿಯ ಆ ಮನೆಯವರು ಚೇತನ್‌ನನ್ನು ಹಳೆಯ ಹೆಸರಿನಿಂದ ಕರೆದು ಗೇಟಿನಿಂದಲೇ ಅಟ್ಟಬಹುದಿತ್ತು. ಹುಡುಗಿಯ ಸೋದರಮಾವ ಕೈ ಮಾಡಬಹುದಿತ್ತು, ಬಿಡಿಸಲು ಹೋದ ನನ್ನ ಕನ್ನಡಕ ಒಡೆಯಬಹುದಿತ್ತು. ಯಾರಾದರೂ ವಿಡಿಯೋ ಮಾಡಿ, ಅದು ವಾಟ್ಸಾಪಿನಲ್ಲಿ ಕುಣಿಗಲ್ಲಿನ ನನ್ನ ತವರಿನ ತನಕ ಹೋಗಬಹುದಿತ್ತು. ಸತ್ತ ಹುಡುಗಿ ನಮ್ಮ ಹಿಂದೆಯೇ ಬಸ್ಸು ಹತ್ತಿ ತುಮಕೂರಿಗೆ ಬರಬಹುದಿತ್ತು. ಹೋದ ವರ್ಷ ಮಹಾಲಯ ಅಮಾವಾಸ್ಯೆಯ ದಿನ, ಮನೆ ಬಿಡುವ ಮೊದಲೇ ನಾನು ಇದನ್ನೆಲ್ಲ ಯೋಚಿಸಿ ಮುಗಿಸಿದ್ದೆ. ಯೋಚನೆ ನನಗೆ ಬಿಪಿ ಮಾತ್ರೆಯಷ್ಟೇ ನಿತ್ಯದ್ದು.

ಚೇತನ್ ನನ್ನ ಅಣ್ಣನ ಮಗ. ಹುಟ್ಟಿದಾಗ ಹೆಣ್ಣುಮಗು ಎಂದು ಹೆಸರಿಟ್ಟಿದ್ದೆವು. ಹದಿನೆಂಟು ದಾಟಿದ ಮೇಲೆ ತಾನು ಗಂಡು ಎಂದು ಹೇಳಿದ. ಅಣ್ಣ ಕುಣಿಗಲ್ಲಿನ ಮನೆಯ ಬಾಗಿಲು ಹಾಕಿಕೊಂಡ. ಹುಡುಗ ಬ್ಯಾಗು ಹಿಡಿದು ತುಮಕೂರಿಗೆ, ನನ್ನ ಮನೆಗೆ ಬಂದ. ಆ ವರ್ಷ ನನಗೆ ನಿದ್ದೆ ಇರಲಿಲ್ಲ. ಅದರ ಹಿಂದಿನ ವರ್ಷಗಳಲ್ಲೂ ಇರಲಿಲ್ಲ ಬಿಡಿ.

ಇಲ್ಲಿಯ ಕಾಲೇಜಿನಲ್ಲಿ ಅವನಿಗೆ ಗುಬ್ಬಿಯ ಮೇಘನಾ ಸಿಕ್ಕಳು. ಮೊದಲ ದಿನದಿಂದಲೇ ಅವನನ್ನು ಚೇತೂ ಎಂದು ಕರೆದವಳು ಅವಳೊಬ್ಬಳೇ. ಚೇತನ್ ಎಂಬ ಹೆಸರು ನನ್ನ ಬಾಯಿಗೆ ಬರಲು ತಿಂಗಳುಗಳೇ ಹಿಡಿದವು. ಮದುವೆಯಾಗುತ್ತೇವೆ ಎಂದು ಇಬ್ಬರೂ ನನ್ನ ಅಡುಗೆಮನೆಯಲ್ಲಿ ನಿಂತು ಹೇಳಿದ್ದರು. ಆಮೇಲೆ ಡೆಂಗ್ಯೂ ಜ್ವರ ಬಂದು ಅವಳು ಹೋಗಿಬಿಟ್ಟಳು. ಮಣ್ಣಿನ ದಿನ ಅವಳ ಸೋದರಮಾವ ಚೇತನ್‌ನನ್ನು ಹೆಣದ ಹತ್ತಿರಕ್ಕೂ ಬಿಡಲಿಲ್ಲ.

ಅದಾದ ಮೇಲೆ ಅವಳು ಬರತೊಡಗಿದಳು. ಸಂಜೆ ಹೊತ್ತು, ಹಿತ್ತಲ ಕಿಟಕಿಯ ಹತ್ತಿರ. ನನಗೆ ಕಂಡಿಲ್ಲ. ಇವನು ಮಾತಾಡುವುದು ಮಾತ್ರ ಕೇಳುತ್ತಿತ್ತು, ನಡುನಡುವೆ ನಗು ಕೂಡ. ಡಾಕ್ಟರಿಗೆ ತೋರಿಸಿದೆ, ತಾಯತವನ್ನೂ ಕಟ್ಟಿಸಿದೆ. ಯಾವುದನ್ನೂ ಬಿಡುವವಳಲ್ಲ ನಾನು. ಒಂದು ದಿನ ಅವನು ಅಳುತ್ತಾ ಬಂದ.

"ಹೊಟ್ಟೆ ಹಸೀತಿದೆ ಅಂತಾಳೆ ಅತ್ತೆ. ನಾನು ಏನಿಟ್ರೂ ಮುಟ್ಟಲ್ಲ. ನಮ್ಮನೇಲಿ ಎಡೆ ಇಡೋ ದಿನ ನೀನೂ ಬಾ, ಆಗ ಉಣ್ತೀನಿ ಅಂತಾಳೆ."

ಹಾಗಾಗಿ ಹೊರಟೆವು. ತುಮಕೂರಿನ ಶಿರಾ ಗೇಟಿನಲ್ಲಿ ಅವಳಿಗೆ ಇಷ್ಟವಾದ ಗೋಬಿ ಮಂಚೂರಿ ಕಟ್ಟಿಸಿಕೊಂಡ.

"ಪಿತೃಗಳಿಗೆ ಗೋಬಿನೇನೋ?" ಎಂದೆ.

"ಅವಳ್ಯಾವ ಪಿತೃ ಅತ್ತೆ, ಇಪ್ಪತ್ತೊಂದು ವರ್ಷದೋಳು," ಎಂದ. ಗುಬ್ಬಿ ಬರುವ ತನಕ ಆ ಪೊಟ್ಟಣವನ್ನು ನಾನೇ ಮಡಿಲಲ್ಲಿ ಇಟ್ಟುಕೊಂಡೆ.

ಬಾಗಿಲಿಗೆ ಬಂದವರು ಮೇಘನಾಳ ತಾಯಿ. ಅವನನ್ನೇ ಬಹಳ ಹೊತ್ತು ನೋಡಿದರು. "ಚೇತೂ ಅಂದ್ರೆ ನೀನೇನಾ? ಜ್ವರದಲ್ಲಿ ಅದೊಂದೇ ಹೆಸ್ರು ಕನವರಿಸ್ತಿದ್ಲು. ಯಾರೋ ಹುಡುಗ ಅಂದ್ಕಂಡಿದ್ದೊ."

"ಹುಡುಗನೇ ಕಣಮ್ಮ," ಎಂದೆ.

ಒಳಗಿದ್ದ ಸೋದರಮಾವ ಎದ್ದು ಬಂದ. "ಅಕ್ಕ, ಇದನ್ನ ಒಳೀಕ್ ಬುಡ್ಬೇಡ."

"ನೀನ್ ಸುಮ್ಕಿರ್ಲಾ. ಮಗಳು ನಂದು," ಎಂದರು ಆಕೆ.

ಅವಳ ಫೋಟೋ ಮುಂದೆ ಹೊಸ ಚೂಡಿದಾರ, ಎಲೆಯಲ್ಲಿ ಮುದ್ದೆ, ಕೋಳಿ ಸಾರು, ಕಜ್ಜಾಯ. ಒಂದು ಮೂಲೆಯಲ್ಲಿ ಗೋಬಿ. ದೀಪ ಹಚ್ಚಿ, ಕೈ ಮುಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದೆವು. ಸತ್ತವರು ಬಂದು ಉಣ್ಣುವಾಗ ಬದುಕಿದವರು ನೋಡಬಾರದು. ಜಗಲಿಯ ಮೇಲೆ ಕೂತೆವು. ಸ್ವಲ್ಪ ಹೊತ್ತಿನ ಮೇಲೆ, ಅಲ್ಲಿಯ ತನಕ ಬಾಯಿ ಬಿಡದಿದ್ದ ಅವಳ ತಂದೆ ಹೇಳಿದರು.

"ಹೋಗಪ್ಪ, ಬಾಗ್ಲು ನೀನೇ ತೆಗಿ. ಗಂಡ್ಮಕ್ಕಳು ತೆಗೀಬೇಕು."

ಚೇತನ್ ನನ್ನ ಮುಖ ನೋಡಿದ. ಜನ್ಮದಲ್ಲಿ ಯಾರೂ ಅವನಿಗೆ ಅಂಥ ಕೆಲಸ ಹೇಳಿರಲಿಲ್ಲ. ಎದ್ದು ಹೋಗಿ ಬಾಗಿಲು ನೂಕಿದ.

ನೂಕುವ ಮುಂಚೆ ಒಂದು ಸಲ ಕೆಮ್ಮಬೇಕು. ಒಳಗಿರುವವರಿಗೆ ಕೈ ತೊಳೆದು ಎದ್ದುಹೋಗಲು ಹೊತ್ತು ಕೊಡಬೇಕು. ನಮ್ಮ ಕಡೆ ಗಂಡುಮಕ್ಕಳಿಗೆ ಅಪ್ಪ ಇದನ್ನು ಚಿಕ್ಕಂದಿನಲ್ಲೇ ಹೇಳಿಕೊಡುತ್ತಾನೆ. ಇವನಿಗೆ ಯಾರು ಹೇಳಿಕೊಟ್ಟಿದ್ದರು? ಆ ಹೊತ್ತಿಗೆಲ್ಲ ಇವನನ್ನು ಅಡುಗೆಮನೆಯಲ್ಲಿ ಕಜ್ಜಾಯ ತಟ್ಟಲು ಕೂರಿಸಿರುತ್ತಿದ್ದರು.

ಅವನು ಹೊಸ್ತಿಲಲ್ಲೇ ನಿಂತುಬಿಟ್ಟ. ನಾವು ಹೋಗಿ ನೋಡಿದಾಗ ದೀಪ ಆರಿತ್ತು. ಎಲೆಯಲ್ಲಿದ್ದ ಮುದ್ದೆ ಒಂದು ಕಡೆ ಮುರಿದಿತ್ತು. ಇಲಿಯೂ ಇರಬಹುದು.

"ಕೆಮ್ಮದೆ ತೆಗೆದ್ಬುಟ್ಟೇನಪ್ಪಾ," ಎಂದರು ತಾಯಿ. ಬೈದಂತಿರಲಿಲ್ಲ. ಸ್ವಲ್ಪ ತಡೆದು, "ಕೂತ್ಕ. ಅವಳ್ ಬಿಟ್ಟಿರೋದ್ನ ನೀನೇ ಉಣ್ಣು," ಎಂದರು. ಅವನು ಅವಳ ಎಲೆಯ ಮುಂದೆ ಕೂತು ಒಂದು ಚೂರೂ ಬಿಡದೆ ಉಂಡ. ಸೋದರಮಾವ ಮುಖ ತಿರುಗಿಸಿಕೊಂಡೇ ನೀರಿನ ಚೊಂಬು ತಂದಿಟ್ಟ.

ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದ: "ಇದ್ಲು ಅತ್ತೆ. ತುತ್ತು ಬಾಯಿ ಹತ್ರ ಇತ್ತು. ನನ್ನ ನೋಡಿ ನಕ್ಕಳು. ಆಮೇಲೆ ಅದನ್ನ ಎಲೆಗೆ ಹಾಕಿ ಎದ್ಬಿಟ್ಲು."

ಅವತ್ತಿನಿಂದ ಅವಳು ಬಂದಿಲ್ಲವಂತೆ. ಗುಬ್ಬಿಯಿಂದ ಆಗಾಗ ಫೋನು ಬರುತ್ತದೆ; ಅವಳ ತಾಯಿಯೂ ಈಗ ಚೇತೂ ಎಂದೇ ಕರೆಯುತ್ತಾರೆ. ಬಾಗಿಲು ತೆಗೆಯುವ ಮೊದಲು ಆ ಹುಡುಗಿ ಎಷ್ಟು ತುತ್ತು ಉಂಡಿದ್ದಳೋ ಎಂದು ನಾನು ತಟ್ಟೆಯ ಮುಂದೆ ಕೂತಾಗೆಲ್ಲ ಯೋಚಿಸುತ್ತೇನೆ. ಅವತ್ತು ತಪ್ಪಿದ್ದು ಒಂದೇ. ಅವನು ಕೆಮ್ಮಲಿಲ್ಲ.