ಗಲ್ಲಾದಣ್ಣ ಕೆಳಗಿಳಿದ ದಿನ

ಅವರ ಅಂಗೈ ಅಗಲ, ಬೆರಳುಗಳು ಗಿಡ್ಡ. ನಡುಬೆರಳಿಗೂ ಉಂಗುರಬೆರಳಿಗೂ ನಡುವೆ ಒಂದು ಸಂದಿತ್ತು. ಎಷ್ಟು ಒತ್ತಿ ಹಿಡಿದರೂ ಆ ಎರಡು ಬೆರಳು ಕೂಡುತ್ತಿರಲಿಲ್ಲ. ಆ ಸಂದಿನಲ್ಲಿ ಸದಾ ಒಂದು ಮೋಟು ಪೆನ್ಸಿಲ್ ಸಿಕ್ಕಿಕೊಂಡಿರುತ್ತಿತ್ತು. ಚಿಲ್ಲರೆ ಕೊಡುವಾಗಲೂ ಅದು ಬೀಳುತ್ತಿರಲಿಲ್ಲ. "ಎಲ್ಲರಿಗೂ ಅಂಗಿಯಲ್ಲಿ ಕಿಸೆ, ನನಗೆ ಕೈಯಲ್ಲೇ ಕಿಸೆ" ಎನ್ನುತ್ತಿದ್ದರು.

ಅಂಧೇರಿ ಸ್ಟೇಶನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಅವರು ಕ್ಯಾಶಿಯರ್. ಹಣದ ಪೆಟ್ಟಿಗೆಯ ಆ ಕಟ್ಟೆಗೆ ಮುಂಬಯಿಯವರು ಗಲ್ಲಾ ಎನ್ನುತ್ತಾರೆ. ನನ್ನ ಅವ್ವ ಅವರನ್ನು ಗಲ್ಲಾದಣ್ಣ ಎಂದು ಕರೆಯತೊಡಗಿದಳು, ನಾವಿದ್ದ ಚಾಳೆಲ್ಲ ಹಾಗೇ ಕರೆಯಿತು. ನಮ್ಮದೂ ಅವರದೂ ಎದುರುಬದುರು ಒಂಟಿ ಕೋಣೆಯ ಖೋಲಿ. ಅವರು ತುಳುನಾಡಿನವರು, ಮನೆಯಲ್ಲಿ ಅಮ್ಮ ಮತ್ತು ಒಬ್ಬಳು ತಂಗಿ, ತಂದೆ ತೀರಿಹೋಗಿದ್ದರು. ನಾವು ವಿಜಾಪುರದ ಕಡೆಯವರು. ಅಪ್ಪ ಗೌಂಡಿ, ಅವ್ವ ಬಿಲ್ಡಿಂಗ್ ಕೆಲಸದಲ್ಲಿ ಬುಟ್ಟಿ ಹೊರುವವಳು. ಆ ಮನೆಯಿಂದ ನಾನು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದೆ. ನಮ್ಮ ವಂಶದಲ್ಲಿ ಮೊದಲ ಪದವಿ ಅದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಪದವಿಗೆ ಎಷ್ಟು ಬುಟ್ಟಿ ಮಣ್ಣು ಹೊತ್ತಿದ್ದು ಎಂದು ನನಗೆ ಗೊತ್ತು.

ಗಲ್ಲಾದಣ್ಣನ ಮೈ ಎಲ್ಲರಂತೆಯೇ ಇತ್ತು, ಕೈಕಾಲು ಮಾತ್ರ ಗಿಡ್ಡ. ನಿಂತರೆ ನನ್ನ ಸೊಂಟದಿಂದ ತುಸು ಮೇಲೆ ಬರುತ್ತಿದ್ದರು. ಎತ್ತರದ ಸ್ಟೂಲಿನ ಮೇಲೆ ಕೂತರೆ ಯಾವ ಫರಕೂ ಕಾಣಿಸುತ್ತಿರಲಿಲ್ಲ: ಅಗಲ ಎದೆ, ದೊಡ್ಡ ಹಣೆ, ಗಟ್ಟಿ ದನಿ. ಹೋಟೆಲಿನ ಬಾಗಿಲು ತೆರೆಯುವ ಮೊದಲೇ ಒಂದು ಪೆಟ್ಟಿಗೆಯ ಮೇಲೆ ಕಾಲಿಟ್ಟು ಸ್ಟೂಲ್ ಹತ್ತುತ್ತಿದ್ದರು. ಹಿಂದಿನಿಂದ ಹಲಗೆಯ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಕೊನೆಯ ಗಿರಾಕಿ ಹೋದ ಮೇಲೇ ಇಳಿಯುವುದು. ನಡುವೆ ಇಳಿಯುವ ಪ್ರಸಂಗ ಬರಬಾರದೆಂದು ನೀರನ್ನೂ ಲೆಕ್ಕಹಾಕಿ ಕುಡಿಯುತ್ತಿದ್ದರು.

"ಅಣ್ಣಾರ, ಒಂದ್ ವಾಟಿ ನೀರರ ಕುಡೀರಿ, ತುಟಿ ಒಣಗ್ಯಾವ" ಎಂದು ಅವ್ವ ಒಮ್ಮೆ ಹೇಳಿದ್ದಕ್ಕೆ, "ಅಕ್ಕಾ, ನಾನು ಕುಡಿದ ನೀರಿಗೆ ಮೆಟ್ಟಿಲು ಇಳಿಯುವ ಕೆಲಸ ಉಂಟಲ್ಲ" ಎಂದು ನಕ್ಕಿದ್ದರು.

ಚರ್ಚ್‌ಗೇಟಿನಿಂದ ವಿರಾರ್‌ವರೆಗೆ ಯಾವ ಲೋಕಲ್ ರೈಲು ಯಾವ ನಿಮಿಷಕ್ಕೆ ಎಂದು ಅವರಿಗೆ ಬಾಯಿಪಾಠ. ಗಿರಾಕಿಗಳು ಕೇಳಿಕೊಂಡು ಓಡುತ್ತಿದ್ದರು. ಆದರೆ ಅವರು ಲೋಕಲ್ ಹತ್ತಿದ್ದನ್ನು ನಾನು ಕಂಡಿಲ್ಲ. ಆ ನೂಕುನುಗ್ಗಲಿನಲ್ಲಿ ಜನರ ಸೊಂಟಗಳ ನಡುವೆ ಉಸಿರು ಕಟ್ಟುತ್ತದೆ ಎನ್ನುತ್ತಿದ್ದರು.

ಕಾಲೇಜಿನಿಂದ ಬರುವಾಗ ನಾನು ಹೋಟೆಲಿನ ಮುಂದೆಯೇ ಹಾದುಬರಬೇಕು. "ಎಂತ ಮಾರಾಯ್ತಿ, ಇವತ್ತು ಎಷ್ಟು ಕಪ್ಪೆ ಕೊಯ್ದೆ? ಕೈ ತೊಳೆಯದೆ ನಮ್ಮ ಗ್ಲಾಸು ಮುಟ್ಟಬೇಡ, ಆಯ್ತಾ" ಎಂದು ಗಲ್ಲಾದಿಂದಲೇ ಕೂಗುತ್ತಿದ್ದರು. ಕೂತವರೆಲ್ಲ ನನ್ನ ಕೈ ನೋಡುತ್ತಿದ್ದರು.

ಒಂದು ರಜೆಯ ದಿನ ಅವರು ಚಾಳಿನ ಮುಂದೆ ನಿಂತಿದ್ದರು. ಪಕ್ಕದಲ್ಲಿ ನಾನಿದ್ದೆ. ವರ್ಷಗಟ್ಟಲೆ ಅವರ ಎದುರು ನಿಂತು ಕ್ರಿಕೆಟ್ ಮಾತಾಡಿದ ಒಬ್ಬ ಗಿರಾಕಿ ಬಂದವನು ಹೋಟೆಲಿನ ಕ್ಯಾಶಿಯರ್ ಇಲ್ಲೇ ಇರುವುದಲ್ಲವೇ ಎಂದು ಇವರನ್ನೇ ಕೇಳಿದ: "ಏ ಛೋಟೂ, ವೋ ಹೋಟೆಲ್‌ಕಾ ಕ್ಯಾಶ್‌ವಾಲಾ ಭಾಯಿ ಇಧರ್ ರಹತಾ ಹೈ ನಾ?"

"ಗಾಂವ್ ಗಯಾ ಹೈ. ಕಲ್ ಆಯೇಗಾ" ಎಂದರು ಗಲ್ಲಾದಣ್ಣ. ಊರಿಗೆ ಹೋಗಿದ್ದಾನೆ, ನಾಳೆ ಬರುತ್ತಾನೆ ಅಂತ.

ಮರುದಿನ ಅದೇ ಮನುಷ್ಯನಿಗೆ ಸ್ಟೂಲಿನ ಮೇಲಿನಿಂದ ಚಿಲ್ಲರೆ ಕೊಟ್ಟು, ಊರಿನಲ್ಲಿ ಮಳೆ ಜೋರು ಎಂದರಂತೆ.

ಗಲ್ಲಾದಣ್ಣನ ತಂಗಿ ನನ್ನ ಗೆಳತಿ, ಎತ್ತರದ ಹುಡುಗಿ. ಅವಳಿಗೆ ಬಂದ ಎರಡು ಸಂಬಂಧ ಅಣ್ಣನನ್ನು ಕಂಡ ಮೇಲೆ ಮುರಿದಿದ್ದವು. ಅವರದು ಅಳಿಯಸಂತಾನದ ಮನೆ. ಮನೆತನ ಮುಂದುವರಿಯುವುದು ಹೆಣ್ಣುಮಕ್ಕಳಿಂದ. ಸೋದರಮಾವನ ಹಕ್ಕು ಬರುವುದು ತಂಗಿಯ ಮಗನಿಗೆ. ಹಕ್ಕಿನ ಹಾಗೇ ಮಾವನ ಮೈಯೂ ಸೋದರಳಿಯನಿಗೆ ಬರುತ್ತದೆ ಎಂದು ಗಂಡಿನ ಕಡೆಯವರ ಲೆಕ್ಕ. ಹುಡುಗಿ ಒಪ್ಪಿಗೆ, ಆದರೆ ಅವಳ ಮಕ್ಕಳು ಮಾವನ ಹಾಗಾದರೆ? ಎರಡು ಕಡೆಯಿಂದಲೂ ಬಂದದ್ದು ಇದೇ ಮಾತು. ಗಲ್ಲಾದಣ್ಣನ ಅಮ್ಮ ಒಲೆಯ ಮುಂದೆ ಕೂತು ತನ್ನ ಹೊಟ್ಟೆಯನ್ನೇ ಬೈದುಕೊಳ್ಳುತ್ತಿದ್ದರು.

ಮೂರನೆಯ ಸಂಬಂಧ ಬಂದಾಗ ಮದುವೆಯ ದಲ್ಲಾಳಿ ಒಂದು ಉಪಾಯ ಹೇಳಿದ. ಹುಡುಗನ ಸೋದರಮಾವ ಮೊದಲು ಹೋಟೆಲಿಗೆ ಬರುವುದು, ಅಣ್ಣ ಗಲ್ಲಾದ ಮೇಲೆ ಕೂತಂತೆಯೇ ನಮಸ್ಕಾರ ಹೇಳುವುದು, ಅಲ್ಲಿಂದ ಮಾವ ಚಾಳಿಗೆ ಹೋಗಿ ಹುಡುಗಿಯನ್ನು ನೋಡುವುದು.

"ಮತ್ತೆ ಮದುವೆಯ ದಿನ?" ಎಂದು ಕೇಳಿದೆ.

"ಅವತ್ತು ಇವರಿಗೆ ಜ್ವರ. ಧಾರೆಯನ್ನು ಚಿಕ್ಕಪ್ಪ ಎರೆಯುತ್ತಾರೆ. ಧಾರೆ ಆದ ಮೇಲೆ ಯಾರು ಅಳತೆ ಹಿಡಿಯುತ್ತಾರೆ?" ಎಂದ ದಲ್ಲಾಳಿ.

ನಾನು ಗಲ್ಲಾದಣ್ಣನ ಮುಖ ನೋಡಿದೆ. "ಆಯ್ತು, ಜ್ವರ ಬರಿಸಿಕೊಳ್ಳುವ" ಎಂದರು.

ನನಗೆ ತಡೆಯಲಾಗಲಿಲ್ಲ. ಕಾಲೇಜಿನ ಪ್ರಾಣಿಶಾಸ್ತ್ರದ ಮೇಡಂ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಬೆರಳಿನ ಸಂದಿನ ವಿಷಯ ಕೇಳಿದರು, ತಂದೆತಾಯಿಯ, ಅಜ್ಜಅಜ್ಜಿಯರ ಎತ್ತರ ಕೇಳಿದರು. ಯಾರೂ ಹೀಗಿರಲಿಲ್ಲ. ಗಲ್ಲಾದಣ್ಣ ಹುಟ್ಟಿದಾಗ ತಂದೆಗೆ ಎಷ್ಟು ವಯಸ್ಸು ಎಂದು ಕೇಳಿದರು. ಐವತ್ತು ದಾಟಿತ್ತು.

ಜೀವಕೋಶ ಒಡೆದು ಎರಡಾಗುವಾಗ ಒಳಗಿನ ಡಿಎನ್ಎ ನಕಲಾಗುತ್ತದೆ. ಎಲ್ಲೋ ಒಂದು ನಕಲಿನಲ್ಲಿ ತಪ್ಪು ಬಿದ್ದಿದೆ, ತಂದೆಗೆ ವಯಸ್ಸಾದಷ್ಟೂ ಅಂಥ ತಪ್ಪು ಹೆಚ್ಚು ಎಂದರು ಮೇಡಂ. ತಪ್ಪು ಹೊಸದು, ಮನೆತನದ್ದಲ್ಲ. ತಂಗಿಯ ಮಕ್ಕಳಿಗೆ ಊರಿನ ಬೇರೆ ಯಾರ ಮಕ್ಕಳಿಗೂ ಇರದ ಭಯ ಏನೂ ಇಲ್ಲ. ಆದರೆ ಅಣ್ಣ ಮದುವೆಯಾದರೆ ಪ್ರತಿ ಮಗುವಿಗೂ ಆ ತಪ್ಪು ಇಳಿಯುವ ಸಂಭವ ಅರ್ಧಕ್ಕರ್ಧ.

ನಾನು ಓಡಿಬಂದು ಗಲ್ಲಾದಣ್ಣನಿಗೆ ಮೊದಲ ಮಾತಷ್ಟೇ ಹೇಳಿದೆ. ಅವರ ಅಮ್ಮ ಊರಿನಲ್ಲಿ ಅವರಿಗೂ ಒಂದು ಹುಡುಗಿಯನ್ನು ನೋಡಿಟ್ಟಿದ್ದರು; ತಂಗಿಯದು ಮುಗಿದ ಮೇಲೆ ನಿಮ್ಮದೇ ಎಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು. ಎರಡನೆಯ ಮಾತು ನನ್ನ ಬಾಯಿಗೆ ಬರಲಿಲ್ಲ.

"ಅಂದರೆ ಅಮ್ಮನ ಹೊಟ್ಟೆಯದ್ದು ಏನೂ ತಪ್ಪಿಲ್ಲ?" ಎಂದು ಅವರು ಎರಡು ಸಲ ಕೇಳಿದರು.

"ಇಲ್ಲ."

ಆ ದಿನ ಬಂದಿತು. ಹುಡುಗನ ಮಾವನನ್ನು ಚಾಳಿಗೆ ಕರೆತರಲು ನನ್ನನ್ನು ಹೋಟೆಲಿಗೆ ಕಳಿಸಿದ್ದರು. ಊರಿನಲ್ಲಿ ದಸ್ತಾವೇಜು ಬರೆಯುವ ವೃತ್ತಿಯ ಮುದುಕರು, ಬಿಳಿ ಅಂಗಿ, ಕಂಕುಳಲ್ಲಿ ಕೊಡೆ. ದಲ್ಲಾಳಿ ಅವರನ್ನು ಗಲ್ಲಾದ ಪಕ್ಕದ ಮೇಜಿಗೇ ಕೂರಿಸಿದ. ಮುದುಕರಿಗೆ ಗಲ್ಲಾದಣ್ಣನ ಮಾತು ಹಿಡಿಸಿಬಿಟ್ಟಿತು.

"ಅಲ್ಲಿಂದಲೇ ಎಷ್ಟು ಮಾತಾಡುವುದು? ಇಳಿದು ಬನ್ನಿ ಮಾರಾಯರೇ, ಒಟ್ಟಿಗೆ ಒಂದು ಕಾಫಿ ಕುಡಿಯುವ."

"ಅವರಿಗೆ ಬಿಡುವಿಲ್ಲ, ರಶ್ ಉಂಟು" ಎಂದ ದಲ್ಲಾಳಿ. ಹೋಟೆಲಿನಲ್ಲಿ ನಾಲ್ಕೇ ಜನರಿದ್ದರು.

ಗಲ್ಲಾದಣ್ಣ ನನ್ನ ಕಡೆ ನೋಡಿದರು. ಪೆಟ್ಟಿಗೆಗೆ ಬೀಗ ಹಾಕಿದರು. "ಇಳಿಯುತ್ತೇನೆ. ಆದರೆ ಇಳಿದ ಮೇಲೆ ನೀವು ಏಳಬಾರದು. ಕಾಫಿ ಮುಗಿಯುವವರೆಗಾದರೂ ಕೂರಬೇಕು."

ಸ್ಟೂಲಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ನೆಲಕ್ಕೆ. ಕಟ್ಟೆಯ ಹಿಂದೆ ಅವರು ಪೂರ್ತಿ ಮರೆಯಾದರು. ಹಲಗೆಯ ಬಾಗಿಲು ಕಿರುಗುಟ್ಟಿತು. ಆಮೇಲೆ ಮೇಜಿನ ಬಳಿ ಬಂದು, ಎರಡೂ ಕೈ ಊರಿ ಕುರ್ಚಿ ಹತ್ತಿ ಕೂತರು. ಇಡ್ಲಿ ತಿನ್ನುತ್ತಿದ್ದವನೊಬ್ಬ ಕೈ ಬಾಯಿಗೆ ಒಯ್ಯುವುದನ್ನೇ ಮರೆತ.

ಮುದುಕರು ಏಳಲಿಲ್ಲ. ಕಂಕುಳಿನ ಕೊಡೆಯನ್ನು ಮೇಜಿಗೆ ಒರಗಿಸಿ, "ಬೇಸರ ಮಾಡಬೇಡಿ, ಕೇಳಲೇಬೇಕು. ನಾಳೆ ಅಳಿಯ ಮಾವನ ಹಾಗಾದರೆ?" ಎಂದರು.

"ಅದಕ್ಕೆ ಉತ್ತರ ಇವಳು ಹೇಳುತ್ತಾಳೆ. ಬಿ.ಎಸ್ಸಿ. ಓದುವವಳು" ಎಂದರು ಗಲ್ಲಾದಣ್ಣ. ಅಷ್ಟು ಹೆಮ್ಮೆಯಿಂದ ನನ್ನ ಅಪ್ಪನೂ ಆ ಮಾತು ಆಡಿದ್ದಿಲ್ಲ.

ನಾನು ಉಬ್ಬಿಹೋದೆ. ಮುದುಕರಿಗೆ ತಿಳಿಯುವ ಹಾಗೆ ಹೇಳಬೇಕೆಂದು ಅವರ ವೃತ್ತಿಯನ್ನೇ ಹಿಡಿದೆ. "ಮಾವಾ, ನೀವು ಒಂದು ಮೂಲಪತ್ರದಿಂದ ಎರಡು ನಕಲು ಬರೆಯುತ್ತೀರಿ. ಒಂದರಲ್ಲಿ ಕೈತಪ್ಪಿ ಒಂದು ಅಕ್ಷರ ಬದಲಾಯಿತು. ಮೂಲಪತ್ರ ಕೆಟ್ಟಿತೇ? ಇನ್ನೊಂದು ನಕಲು ಕೆಟ್ಟಿತೇ?"

"ಇಲ್ಲ."

"ಆ ಇನ್ನೊಂದು ನಕಲು ಇವರ ತಂಗಿ."

ಮುದುಕರು ತಲೆದೂಗಿದರು. ಮುಖ ಸಡಿಲವಾಯಿತು. ಆಮೇಲೆ ಬರೀ ವೃತ್ತಿಯ ಕುತೂಹಲದಿಂದ, ಕೆಟ್ಟ ಮನಸ್ಸಿನಿಂದಲ್ಲ, ಕೇಳಿದರು: "ಅಲ್ಲ ಮಗಾ, ತಪ್ಪಿದ ನಕಲಿನಿಂದ ಮತ್ತೆ ನಕಲು ಬರೆದರೆ?"

ಗಲ್ಲಾದಣ್ಣ ನನ್ನ ಕಡೆ ತಿರುಗಿದರು. "ಹೇಳು ಮಾರಾಯ್ತಿ. ಒಳ್ಳೆ ಪ್ರಶ್ನೆ."

ಸುಳ್ಳು ಹೇಳಿದರೆ ಮೊದಲು ಹೇಳಿದ ನಿಜವೂ ಸುಳ್ಳಾಗುತ್ತಿತ್ತು. "ಪ್ರತಿ ಮಗುವಿಗೂ... ಅರ್ಧಕ್ಕರ್ಧ" ಎಂದೆ.

ಅವರು ಕಾಫಿಯ ಲೋಟ ಎತ್ತಿ ನಿಧಾನವಾಗಿ ಕುಡಿದು ಮುಗಿಸಿದರು. "ಅಡ್ಡಿಯಿಲ್ಲ. ನಮ್ಮಲ್ಲಿ ಮನೆ ನಡೆಯುವುದು ತಂಗಿಯಿಂದ ಅಲ್ಲವಾ" ಎಂದರು. ಮುದುಕರು ಅವರ ಕೈ ಹಿಡಿದುಕೊಂಡರು. ಸಂಬಂಧ ಗಟ್ಟಿಯಾಯಿತು.

ಮದುವೆಯಲ್ಲಿ ಗಲ್ಲಾದಣ್ಣನೇ ಧಾರೆ ಎರೆದರು. ತಂಗಿ ದಹಿಸರಿನ ಗಂಡನ ಮನೆಗೆ ಹೋದಳು. ಅವಳ ಇಬ್ಬರು ಮಕ್ಕಳೂ ಅಪ್ಪನ ಹಾಗೆ ಉದ್ದ. ಊರಿನ ಹುಡುಗಿಯ ಮಾತನ್ನು ಅಮ್ಮ ಎತ್ತಿದಾಗೆಲ್ಲ ಅವರು ಲೋಕಲ್ಲಿನ ಟೈಮ್ ಹೇಳಿ ಮಾತು ಹಾರಿಸುತ್ತಿದ್ದರು. ನಾನೊಮ್ಮೆ ಗಲ್ಲಾದ ಮುಂದೆ ನಿಂತು, "ಅರ್ಧ ಅಂದರೆ ಉಳಿದರ್ಧ ಇದೆಯಲ್ಲ ಅಣ್ಣಾ" ಎಂದೆ.

"ಉಂಟು. ಆದರೆ ಈ ಸ್ಟೂಲಿಗೆ ಒಬ್ಬ ಸಾಕು" ಎಂದು ನನ್ನ ಹಿಂದೆ ನಿಂತವನ ಬಿಲ್ಲಿಗೆ ಕೈ ಚಾಚಿದರು. ಮರುದಿನವೂ ಬಾಗಿಲು ತೆರೆಯುವ ಮೊದಲೇ ಹತ್ತಿ ಕೂತಿದ್ದರು. ಆ ಒಂದು ದಿನ ಇಳಿದವರು ಮತ್ತೆ ಗಿರಾಕಿಗಳ ಎದುರು ಇಳಿಯಲಿಲ್ಲ.

ಕೆಲವು ವರ್ಷಗಳಲ್ಲಿ ಅವರ ಕಾಲಿನ ಬಲ ಹೋಯಿತು. ಬೆನ್ನುಹುರಿ ಒತ್ತಿಕೊಂಡಿದೆ ಎಂದರು ಡಾಕ್ಟರು. ತಂಗಿ ದಹಿಸರಿಗೆ ಕರೆದೊಯ್ದಳು. ನಾನಾಗ ಕಾಂದಿವಲಿಯ ಒಂದು ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ನೋಡಲು ಹೋದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ತಂಗಿ ಚಹಾ ಮಾಡಲು ಒಳಗೆ ಹೋದಳು.

"ಒಂದು ಕೇಳುತ್ತೇನೆ" ಎಂದರು. "ಆ ಅರ್ಧದ ವಿಷಯ ನಿನಗೆ ಮೊದಲೇ ಗೊತ್ತಿತ್ತು, ಹೌದಾ?"

"ಹೌದು ಅಣ್ಣಾ. ನಿಮಗೆ ನೋವಾಗುತ್ತದೆ ಅಂತ..."

"ನೋವು ಹೇಗೂ ಆಯ್ತು. ಮೊದಲೇ ಹೇಳಿದ್ದರೆ ಆ ಮಾತನ್ನು ಅವತ್ತು ಆ ಹಿರಿಯರಿಗೆ ನಾನೇ ಹೇಳುತ್ತಿದ್ದೆ. ನನ್ನ ವಿಷಯ. ನಾಲ್ಕು ಜನರ ನಡುವೆ ನಿನ್ನ ಬಾಯಿಂದ ಕೇಳಿಕೊಂಡು ಕೂರಬೇಕಾಯಿತು. ಅಷ್ಟು ಎತ್ತರದಿಂದ ನಾನು ಯಾವತ್ತೂ ಇಳಿದಿರಲಿಲ್ಲ."

ಚಹಾ ಬಂತು. ಅವರು ಸೋದರಳಿಯನ ಶಾಲೆಯ ಮಾತು ತೆಗೆದರು. ಆ ಮಳೆಗಾಲದಲ್ಲೇ ತೀರಿಕೊಂಡರು.

ಇಷ್ಟು ವರ್ಷ ಕಲಿಸಿದೆ. ಜೀವಕೋಶ ಒಡೆಯುವ ಪಾಠ ಮಾಡಿದ ದಿನ ಯಾರಾದರೂ ಒಬ್ಬರು ತರಗತಿ ಮುಗಿದ ಮೇಲೆ ಹಿಂದುಳಿಯುತ್ತಾರೆ. ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ ಮೇಡಂ, ಮದುವೆಯ ಮಾತು ನಡೆದಿದೆ, ಅವರಿಗೆ ಗೊತ್ತಾಗದ ಹಾಗೆ ಕೇಳುತ್ತಿದ್ದೇನೆ ಎನ್ನುತ್ತಾರೆ. ಗೊತ್ತಿರುವುದನ್ನು ಹೇಳಿ ಮೆಚ್ಚಿಸುವ ಆಸೆ ನನಗೆ ಇವತ್ತಿಗೂ ಹೋಗಿಲ್ಲ. ನಾಲಿಗೆ ಕಚ್ಚಿ ಹಿಡಿದುಕೊಂಡು ಒಂದೇ ಮಾತು ಹೇಳುತ್ತೇನೆ: "ಅವರನ್ನೇ ಕರೆದುಕೊಂಡು ಬಾ. ಹೇಳುವುದಿದ್ದರೆ ಅವರಿಗೆ ಹೇಳುತ್ತೇನೆ, ನಿನಗಲ್ಲ."

ಹೆಚ್ಚಿನವರು ಮತ್ತೆ ಬರುವುದಿಲ್ಲ.