ಬೇಳೆ ಬೇಯುತ್ತಿದ್ದ ಬಾವಿ

ನಮ್ಮ ಹಿತ್ತಲ ಬಾವಿಯ ನೀರಿನಲ್ಲಿ ತೊಗರಿಬೇಳೆ ಬೆಣ್ಣೆಯ ಹಾಗೆ ಬೇಯುತ್ತಿತ್ತು. ಆಂಧ್ರದ ಗಡಿಯ ನಮ್ಮ ರಾಯದುರ್ಗದಲ್ಲಿ ಇಷ್ಟು ಹೇಳಿದರೆ ಸಾಕು, ಬಾವಿ ಎಂಥದ್ದೆಂದು ಬೇರೆ ವಿವರಿಸಬೇಕಾಗಿಲ್ಲ. ಇಲ್ಲಿನ ಬೋರಿನ ನೀರು ಗಡಸು. ಕುಕ್ಕರ್ ಎಷ್ಟು ಕೂಗಿದರೂ ಬೇಳೆ ಹಾಗೇ ಇರುತ್ತದೆ, ಸಾರಿನ ತಳದಲ್ಲಿ ಕಲ್ಲಿನಂತೆ ಕೂತಿರುತ್ತದೆ.

ಬಳ್ಳಾರಿಯಿಂದ ಮದುವೆಯಾಗಿ ಈ ಮನೆಗೆ ಬಂದಾಗ ನನಗೆ ಎಂಬ್ರಾಯ್ಡರಿ ಬರುತ್ತಿತ್ತು, ಪಿಯಾನೋ ಮೇಲೆ ಚರ್ಚಿನ ಎರಡು ಹಿಮ್ ನುಡಿಸಲು ಬರುತ್ತಿತ್ತು, ಬಾವಿಯಿಂದ ನೀರು ಸೇದಲು ಬರುತ್ತಿರಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಅದನ್ನು ಕಲಿಸಿರಲಿಲ್ಲ. ಕಲಿಸಿದವಳು ಪಕ್ಕದ ಮನೆಯ ಸೊಸೆ. ನನಗಿಂತ ಒಂದೆರಡು ವರ್ಷ ಚಿಕ್ಕವಳು, ಆದರೆ ನನಗಿಂತ ಮೊದಲೇ ಈ ಓಣಿಗೆ ಬಂದವಳು.

"ಹಂಗ ಜಗ್ಗಬ್ಯಾಡ್ರಿ ಅಕ್ಕಾರ, ಅದೇನು ಎಮ್ಮಿ ಏನ್ರಿ? ಹಗ್ಗ ತಾನ ಬರತೈತಿ. ನೀವು ಕೈ ಬದಲಸ್ರಿ, ಸಾಕು."

ಆ 'ಅಕ್ಕಾರ' ಬರುಬರುತ್ತಾ 'ಅಕ್ಕ' ಆಯಿತು. ನಮ್ಮಿಬ್ಬರ ಹಿತ್ತಲ ನಡುವೆ ಒಂದು ಗಿಡ್ಡ ಬಾಗಿಲಿತ್ತು, ಅದಕ್ಕೆ ಚಿಲಕವೇ ಇರಲಿಲ್ಲ. ದಿನಾ ಬೆಳಿಗ್ಗೆ ತಾಮ್ರದ ಕೊಡ ಹಿಡಿದು ಅದೇ ಬಾಗಿಲಿಂದ ಬರುತ್ತಿದ್ದಳು. ಬೇಳೆಗೆ ಒಂದು ಕೊಡ, ಕುಡಿಯಲು ಒಂದು ಕೊಡ. ನೀರು ಸೇದುತ್ತಾ ಓಣಿಯ ಸುದ್ದಿಯನ್ನೆಲ್ಲ ಹೇಳಿ ಮುಗಿಸುತ್ತಿದ್ದಳು. ನನ್ನ ಯಜಮಾನರು ತೀರಿಕೊಂಡಾಗ ನನ್ನ ಬಾಯಿಗೆ ಮೊದಲು ನೀರು ಹಾಕಿದವಳು ಅವಳು. ಅದೂ ಇದೇ ಬಾವಿಯ ನೀರು.

ಹೋದ ವರ್ಷ ಅವಳ ಮಕ್ಕಳು ಮನೆಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಿದರು. ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಬಾಡಿಗೆಗೆ ಕೊಡುವುದೆಂದು ಮೊದಲೇ ಮಾತಾಗಿತ್ತು. ಹೊಲಿಯಲು ಬರುವ ಹೆಂಗಸರಿಗೆಲ್ಲ ಟಾಯ್ಲೆಟ್ ಬೇಕು, ಹಳೆಯ ಗುಂಡಿ ಸಾಲದು.

"ಟ್ಯಾಂಕು ಬೀದಿ ಕಡೆ ಬರತೈತಕ್ಕ, ನೀ ಏನೂ ಚಿಂತಿ ಮಾಡಬ್ಯಾಡ," ಎಂದಳು. ನಾನು ಕೇಳಿರಲೇ ಇಲ್ಲ. ತಾನಾಗಿ ಹೇಳಿದಳು.

ಕೆಲಸ ಶುರುವಾದ ದಿನವೇ ಒಂದು ನೀಲಿ ಟಾರ್ಪಾಲು ತಂದು ನಮ್ಮ ಬಾವಿಯ ಮೇಲೆ ಹೊದಿಸಿ, ಸುತ್ತಲೂ ಕಲ್ಲು ಇಟ್ಟಳು. "ಸಿಮೆಂಟಿನ ಧೂಳು ಬೀಳತೈತಿ. ಕಟ್ಟೋದು ಮುಗಿಯೋತನಕ ಸೇದಬ್ಯಾಡಕ್ಕ." ರಾಟೆಯಿಂದ ಹಗ್ಗವನ್ನೂ ಬಿಚ್ಚಿಕೊಂಡಳು. ಗೌಂಡಿಗಳು ಹಗ್ಗ ಕಂಡರೆ ಬಿಡುವುದಿಲ್ಲವಂತೆ, ತನ್ನ ಮನೆಯಲ್ಲಿ ಜೋಪಾನವಾಗಿ ಇಡುತ್ತಾಳಂತೆ. ಮರುದಿನದಿಂದ ನಮ್ಮ ಮನೆಗೆ ಕ್ಯಾನ್ ನೀರು ಬರುವ ಹಾಗೆ ಆಟೋದವನಿಗೆ ಹೇಳಿದವಳೂ ಅವಳೇ. ಹೌ ಥಾಟ್‌ಫುಲ್, ಎಂದುಕೊಂಡೆ. ನನ್ನ ಸೊಸೆಗೂ ಹಾಗೇ ಹೇಳಿದೆ. ನೋಡು, ನೆರೆಯವರು ಅಂದರೆ ಹೀಗಿರಬೇಕು.

ಕೆಲವು ದಿನ ಕಳೆದ ಮೇಲೆ ಸಂಡಿಗೆ ಒಣಗಿಸಲು ಮಾಳಿಗೆ ಹತ್ತಿದೆ. ಕೆಳಗೆ ಅವರ ಹಿತ್ತಲು ಕಂಡಿತು. ನಮ್ಮ ಗೋಡೆಗೆ ಒತ್ತಿಕೊಂಡೇ ಗುಂಡಿ ತೆಗೆದಿದ್ದರು. ಸಿಮೆಂಟಿನ ರಿಂಗುಗಳನ್ನು ಒಂದರ ಮೇಲೊಂದು ಇಳಿಸುತ್ತಿದ್ದರು. ಅದಕ್ಕೆ ತಳ ಹಾಕುವುದಿಲ್ಲ. ಕೊಳೆನೀರು ಮಣ್ಣಿಗೆ ಇಂಗಲಿ ಎಂದೇ ಬಿಡುತ್ತಾರೆ. ಅಲ್ಲಿಂದ ನನ್ನ ಬಾವಿಕಟ್ಟೆಗೆ ಒಂದು ಸೀರೆ ಹರವುವಷ್ಟೂ ದೂರವಿರಲಿಲ್ಲ.

ಅವಳ ಮೇಲೆ ನನಗೆ ಒಂದು ಚೂರೂ ಅನುಮಾನ ಬರಲಿಲ್ಲ. ಅವಳು ಆಗ ಕಣೇಕಲ್ಲಿಗೆ, ತಂಗಿಯ ಮನೆಗೆ ಹೋಗಿದ್ದಳು. ಮನೆಯ ಹೆಂಗಸು ಊರಲ್ಲಿಲ್ಲದ್ದು ನೋಡಿ ಕಂಟ್ರಾಕ್ಟರು ಕೆಲಸ ಸುಲಭ ಮಾಡಿಕೊಂಡಿದ್ದಾನೆ, ನಮ್ಮಿಬ್ಬರ ಬಾವಿಯನ್ನೂ ಕೆಡಿಸುತ್ತಿದ್ದಾನೆ ಎಂದೇ ತಿಳಿದೆ. ಅವಳು ಬರುವಷ್ಟರಲ್ಲಿ ರಿಂಗು ಮುಚ್ಚಿಬಿಟ್ಟರೆ? ಸೀರೆ ಬದಲಿಸಿ ನಮ್ಮ ವಾರ್ಡಿನ ಸರ್ಕಾರಿ ಕಚೇರಿಗೆ, ವಾರ್ಡ್ ಸಚಿವಾಲಯಕ್ಕೆ, ನಡೆದೆ.

ಅಲ್ಲಿನ ಸ್ಯಾನಿಟೇಷನ್ ಸೆಕ್ರೆಟರಿ ಚಿಕ್ಕ ಹುಡುಗಿ. ಕುರ್ಚಿ ಕೊಟ್ಟು ಕೂಡಿಸಿ, ತೆಲುಗು ಬೆರೆತ ಕನ್ನಡದಲ್ಲಿ ಚೆನ್ನಾಗಿಯೇ ಮಾತಾಡಿದಳು. "ಕುಡಿಯೋ ಬಾವಿ ಪಕ್ಕ ಇಂಥ ಗುಂಡಿ ಇರಬಾರದಮ್ಮಾ. ರೂಲ್ ಇದೆ. ದೂರ ಸರಿಸ್ಲೇಬೇಕು. ಆದ್ರೆ ಆ ಬಾವಿನ ಬಳಸ್ತಾ ಇರಬೇಕು. ಬಿಟ್ಟ ಬಾವಿ ಅಂದ್ರೆ ನಾನು ಏನೂ ಮಾಡೋಕಾಗಲ್ಲ. ನಿಮ್ಮ ಮನೆಯವರು ಬಿಟ್ಟು ಬೇರೆ ಯಾರಾದ್ರೂ ಹೇಳ್ತಾರಾ, ಕುಡೀತಾರೆ ಅಂತ?"

"ಆ ಗುಂಡಿ ತೋಡಿಸ್ತಿರೋ ಮನೆಯವಳೇ ಹೇಳ್ತಾಳೆ," ಎಂದೆ. "ಶೀ ಈಸ್ ಮೈ ಬೆಸ್ಟ್ ವಿಟ್ನೆಸ್. ಅಷ್ಟು ವರ್ಷದಿಂದ ಅದೇ ನೀರು ಕುಡಿದಿದಾಳೆ."

ಹುಡುಗಿ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಆ ನೋಟ ನನಗೆ ಅವತ್ತು ಅರ್ಥವಾಗಲಿಲ್ಲ.

ಸೆಕ್ರೆಟರಿ ಟೇಪು ಹಿಡಿದು ಬಂದ ದಿನ ನೆರೆಯವಳು ಊರಿನಿಂದ ವಾಪಸ್ಸಾಗಿದ್ದಳು. ಗಿಡ್ಡ ಬಾಗಿಲಿನಿಂದಲೇ ನಮ್ಮ ಹಿತ್ತಲಿಗೆ ಬಂದು, ಸೆರಗು ಹೊದ್ದುಕೊಂಡು ನಿಂತಳು. ನಾನು ಅವಳ ಕೈ ಹಿಡಿದು, "ಹೇಳು, ಈ ನೀರು ಎಂಥಾದ್ದು ಅಂತ ಮೇಡಮ್ಮಿಗೆ ಹೇಳು," ಎಂದೆ.

ಅವಳು ಕೈ ಬಿಡಿಸಿಕೊಂಡಳು. ಸೆಕ್ರೆಟರಿಯ ಕಡೆ ತಿರುಗಿ ತೆಲುಗಿನಲ್ಲಿ ಶುರುಮಾಡಿದಳು. ಈ ಬಾವಿಯನ್ನು ಒಂದು ಕಾಲದಲ್ಲಿ ಬಳಸುತ್ತಿದ್ದರು, ಈಗ ಯಾರೂ ಮುಟ್ಟುವುದಿಲ್ಲ, ನೋಡಿ ಬೇಕಾದರೆ, ಮುಚ್ಚಿಟ್ಟಿದ್ದಾರೆ, ರಾಟೆಗೆ ಹಗ್ಗವೂ ಇಲ್ಲ, ಮನೆಗೆ ಕ್ಯಾನ್ ನೀರು ಬರುತ್ತದೆ.

ಅಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಂದು ದಿನವೂ ತೆಲುಗಿನಲ್ಲಿ ಮಾತಾಡಿದವರಲ್ಲ. ನನ್ನ ಹಿತ್ತಲಲ್ಲಿ, ನನ್ನ ಮುಂದೆಯೇ ನಿಂತು, ನನಗೆ ಆ ಭಾಷೆ ಬರುವುದೇ ಇಲ್ಲವೇನೋ ಎಂಬಂತೆ ಮಾತಾಡುತ್ತಿದ್ದಳು.

"ಟಾರ್ಪಾಲು ನೀನ ಹಾಕಿದ್ದಲ್ಲೇನ? ಧೂಳು ಅಂದಿ. ಹಗ್ಗ ನಿಮ್ಮನಿಯಾಗ ಐತಿ!" ನನ್ನ ದನಿ ನನಗೇ ಕೀಚಲಾಗಿ ಕೇಳಿಸಿತು.

ಅವಳು ನನ್ನ ಕಡೆ ನೋಡಲಿಲ್ಲ. ಸೆಕ್ರೆಟರಿಯ ಹತ್ತಿರ ಸರಿದು ಮೆಲ್ಲಗೆ, ಎಷ್ಟೋ ಮರುಕದಿಂದ ಹೇಳಿದಳು: "ಅಕ್ಕಕಿ ವಯಸೈಪೋಯಿಂದಿ ಮೇಡಂ. ಗುರ್ತುಂಡದು."

ಅಕ್ಕನಿಗೆ ವಯಸ್ಸಾಯಿತು. ನೆನಪಿರುವುದಿಲ್ಲ.

ಸೆಕ್ರೆಟರಿ ಅಡಿಗೆಮನೆಗೆ ಬಂದು ನೋಡಿದಳು. ಸ್ಟೂಲಿನ ಮೇಲೆ ಕ್ಯಾನ್ ಕೂತಿತ್ತು. ದಿನಾ ಬರುತ್ತದೆಯೇ ಎಂದು ಕೇಳಿದರೆ ನನ್ನ ಸೊಸೆ, ಪಾಪ, ಇದ್ದದ್ದನ್ನೇ ಹೇಳಿದಳು: "ಹೌದ್ರಿ, ದಿನಾ ಬರತೈತಿ." ಈಗಷ್ಟೇ, ಕಟ್ಟಡ ಮುಗಿಯುವ ತನಕ ಮಾತ್ರ ಎಂದು ನಾನು ಹೇಳುತ್ತಲೇ ಇದ್ದೆ. ನೀರನ್ನಾದರೂ ಟೆಸ್ಟ್ ಮಾಡಿಸಮ್ಮಾ ಎಂದೆ. "ಗುಂಡಿ ಇನ್ನೂ ಬಳಕೆಗೇ ಬಂದಿಲ್ಲವಲ್ಲಮ್ಮಾ, ಈಗ ನೀರು ಚೆನ್ನಾಗೇ ಇರುತ್ತೆ," ಎಂದಳು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ಸಾರಿ ಅಮ್ಮಾ," ಎಂದಳು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳ ರೂಲ್ ಸರಿಯಾಗಿಯೇ ಇತ್ತು. ಅದನ್ನು ನನಗಿಂತ ಮೊದಲು ಪಕ್ಕದ ಮನೆಯಲ್ಲಿ ಯಾರೋ ಓದಿಕೊಂಡಿದ್ದರು, ಅಷ್ಟೆ.

ರಾತ್ರಿ ಊಟಕ್ಕೆ ಕೂತಾಗ ಮಗ, "ಬಿಡಮ್ಮ, ಒಂದ ಓಣ್ಯಾಗ ಬಾಳ್ವೆ ಮಾಡಬೇಕು," ಎಂದ. ಅವನ ಅಂಗಡಿಯ ಜಿಪ್ಪು, ದಾರವೆಲ್ಲ ಹೋಗುವುದು ಇಂಥ ಯೂನಿಟ್ಟುಗಳಿಗೇ.

ಯೂನಿಟ್ಟು ಶುರುವಾಯಿತು. ಈಗ ಹಗಲಿಡೀ ಮಷೀನುಗಳ ಸದ್ದು. ಮಧ್ಯಾಹ್ನ ಊಟದ ಹೊತ್ತಿಗೆ ಸದ್ದು ನಿಂತು, ಗೋಡೆಯಾಚೆ ನೀರು ಬಿಡುವುದು ಕೇಳಿಸುತ್ತದೆ. ಮಳೆಗಾಲ ಕಳೆಯುವಷ್ಟರಲ್ಲಿ ಬಾವಿಯ ನೀರಿಗೆ ಒಂದು ವಾಸನೆ ಬಂತು. ಜಾಸ್ತಿ ಅಲ್ಲ, ತೊಳೆಯದ ಹೂದಾನಿಯ ನೀರಿನಂಥ ವಾಸನೆ. ಸೊಸೆಗೆ ಗೊತ್ತಾಗುವುದಿಲ್ಲವಂತೆ. ನನಗೆ ಗೊತ್ತಾಗುತ್ತದೆ. ಮಗನಿಗೆ ಹೇಳಿ ಗಿಡ್ಡ ಬಾಗಿಲಿಗೆ ಚಿಲಕ ಹಾಕಿಸಿದೆ.

ಮೊನ್ನೆ ಬೆಳಿಗ್ಗೆ ಮುಂಬಾಗಿಲ ಕಾಲಿಂಗ್ ಬೆಲ್ ಆಯಿತು. ತೆಗೆದರೆ ಅವಳು. ನಮ್ಮ ಮನೆಯ ಬೆಲ್ಲನ್ನು ಅವಳು ಯಾವತ್ತೂ ಒತ್ತಿದವಳಲ್ಲ. ಕೈಯಲ್ಲಿ ಒಂದು ಸಣ್ಣ ಬಟ್ಟಲಿತ್ತು. ಮೊಣಕಾಲು ನೋವೇನೋ, ಬಾಗಿಲ ಚೌಕಟ್ಟಿಗೆ ಒರಗಿಕೊಂಡಿದ್ದಳು.

"ಒಂದು ಚಿಟಿಕಿ ಅಡಿಗಿ ಸೋಡಾ ಇದ್ರ ಕೊಡಕ್ಕ. ಬೀಗರು ಬಂದಾರ. ಹೋಳಿಗಿ ಮಾಡಬೇಕು, ಬ್ಯಾಳಿ ಬೇಯವಲ್ದು."

ನನಗೆ ಎಷ್ಟೋ ಮಾತು ಬಾಯಿಗೆ ಬಂದವು, ಕನ್ನಡದಲ್ಲೂ, ಇಂಗ್ಲಿಷಿನಲ್ಲೂ.

"ಸೋಡಾ ಯಾಕ ಬೇಕು?" ಎಂದೆ. "ಬಾವಿ ಐತಲ್ಲ. ಹೊಸ ಹಗ್ಗ ಹಾಕಿಸೀನಿ. ಹೋಗು, ಒಂದು ಕೊಡ ಸೇದಿಕೊಂಡು ಹೋಗು."

ಅವಳು ನನ್ನ ಹೆಗಲ ಮೇಲಿಂದ ಒಳಗೆ ನೋಡಿದಳು. ನಡುಮನೆ, ಅಡಿಗೆಮನೆ, ಅದರಾಚೆ ತೆರೆದಿದ್ದ ಹಿತ್ತಲ ಬಾಗಿಲಲ್ಲಿ ರಾಟೆ ಕಾಣುತ್ತಿತ್ತು. ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ತಗ್ಗಿಸಿ ಬಟ್ಟಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ಬ್ಯಾಡಕ್ಕ," ಎಂದಳು. "ಸೋಡಾನ ಕೊಡು."

ಒಳಗೆ ಹೋಗಿ ತಂದು, ಬಟ್ಟಲಿಗೆ ಹಾಕಿ ಕೊಟ್ಟೆ. ಒಳಗೆ ಬಾ ಎನ್ನಲಿಲ್ಲ. ಅವಳೂ ಕಾಯಲಿಲ್ಲ.