ಚಹಾದ ಸೈನಿಕರು

ಆನೆಕಾಲು ರೋಗದ ಬಗ್ಗೆ ಅಫಜಲಪುರದಲ್ಲಿ ಒಬ್ಬ ಡಾಕ್ಟರು ಮಾತಾಡಿದ್ದನ್ನು ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. ಸೊಳ್ಳೆ ಕಚ್ಚಿದಾಗ ಮೈಯೊಳಗೆ ಸೇರುವ ದಾರದಂಥ ಹುಳುವಿನ ಜೊತೆ ನಮ್ಮ ರಕ್ತದ ಟಿ ಸೆಲ್‌ಗಳು ಕಾದಾಡುತ್ತವೆ ಎಂದರು. ನಾನು ಹೈಸ್ಕೂಲು ಓದಿದವನು. ಸೆಲ್ ಅಂದರೆ ಜೀವಕೋಶ, ಟೀ ಅಂದರೆ ಇಂಗ್ಲಿಷಿನಲ್ಲಿ ಚಹಾ. ಬಸ್ಸು ಊರು ಮುಟ್ಟುವುದರೊಳಗೆ ನನ್ನ ಶಾಸ್ತ್ರ ಸಿದ್ಧವಾಗಿತ್ತು.

ಖಡಕ್ ಚಹಾ ಕುಡಿದಷ್ಟೂ ಸೈನಿಕರು ಹೆಚ್ಚುತ್ತಾರೆ, ಈ ರೋಗಕ್ಕೆಂದು ಸರಕಾರ ಹಂಚುವ ಗುಳಿಗೆ ಯಾಕೆ ಬೇಕು ಎಂದು ಕಟ್ಟೆಯ ಮೇಲೆ ಬೋಧಿಸಿದೆ. ಓಣಿಯವರಿಗೆ ಇದು ಬಹಳ ಹಿಡಿಸಿತು. ಸಕ್ಕರೆ ಹಾಕಿದರೆ ಸೈನಿಕರು ಸೋಮಾರಿಗಳಾಗುತ್ತಾರೇನು ಎಂದು ಒಬ್ಬರು ಕೇಳಿದರು. ಬೆಲ್ಲ ಹಾಕಿ ಎಂದು ಗಂಭೀರವಾಗಿ ತೀರ್ಪು ಕೊಟ್ಟೆ. ಆಶಾ ಕಾರ್ಯಕರ್ತೆ ಗುಳಿಗೆ ತಂದು, ತನ್ನೆದುರೇ ನುಂಗಬೇಕೆಂದು ನಿಂತಾಗ ನಾನೂ ಹೆಂಡತಿಯೂ ದವಡೆಯಲ್ಲಿ ಅಡಗಿಸಿಟ್ಟು, ಆಕೆ ಹೋದ ಮೇಲೆ ಬೇವಿನ ಬುಡಕ್ಕೆ ಉಗುಳಿದೆವು. ಹೆಂಡತಿಗೆ ಮನಸ್ಸಿರಲಿಲ್ಲ. ನಾನೇ ಕಣ್ಸನ್ನೆ ಮಾಡಿದ್ದೆ.

ಮುಂದೆ ಬೆರಳು ಚುಚ್ಚಿ ರಕ್ತ ನೋಡುವವರು ಬಂದರು. ನನಗೆ ಏನೂ ಇಲ್ಲವೆಂದರು. ಹೆಂಡತಿಯ ಪರೀಕ್ಷೆಯ ಪಟ್ಟಿಯಲ್ಲಿ ಹುಳು ಇದೆಯೆಂಬ ಗೆರೆ ಮೂಡಿತು. ಕಾಲು ಇನ್ನೂ ಬಾತಿರಲಿಲ್ಲ; ಹಾಗೇ ಉಳಿದೀತೇ ಎಂಬ ಭಯಕ್ಕೆ ಅದೇ ಡಾಕ್ಟರ ಬಳಿ ಓಡಿ, ದಿನಾ ಖಡಕ್ ಚಹಾ ಕೊಟ್ಟಿದ್ದೇನಲ್ಲ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಮುತ್ಯಾ, ಟಿ ಅಂದ್ರ ಬರೇ ಒಂದ್ ಅಕ್ಷರರಿ. ಎ, ಬಿ, ಸಿ ಇದ್ದಂಗ.”

ಆಮೇಲೆ ತಿಳಿಸಿ ಹೇಳಿದರು. ಟಿ ಸೆಲ್‌ಗಳಲ್ಲಿ ಕೆಲವು ಉಳಿದ ಸೈನಿಕರನ್ನು ಕೂಗಿ ಎಬ್ಬಿಸುತ್ತವೆ. ಕೆಲವು, ಕಾದಾಟ ಅತಿಯಾಗದಂತೆ, ಅವರನ್ನು ಸುಮ್ಮನಾಗಿಸುತ್ತವೆ. ಹುಳು ಈ ಸುಮ್ಮನಾಗಿಸುವವರನ್ನೇ ಹೆಚ್ಚಿಸಿಕೊಂಡು ವರ್ಷಗಟ್ಟಲೆ ಆರಾಮಾಗಿ ಇರುತ್ತದಂತೆ. ಆ ಸುಮ್ಮನಾಗಿಸುವವರು ಒಳಗೆ ಮಾಡುತ್ತಿದ್ದ ಕೆಲಸವನ್ನು ನಾನು ಹೊರಗೆ, ಕಟ್ಟೆಯ ಮೇಲೆ ಕೂತು, ಪುಕ್ಕಟೆ ಮಾಡಿದ್ದೆ.

ಡಾಕ್ಟರು ಕೊಟ್ಟ ಗುಳಿಗೆ ನುಂಗಿದ ದಿನವೇ ಹೆಂಡತಿಗೆ ಜ್ವರ ಬಂತು. ಹುಳುವಿನ ಮರಿಗಳು ಸಾಯುವಾಗ ಹೀಗಾಗುತ್ತದೆ, ಹೆದರಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕೌದಿ ಹೊದಿಸುತ್ತ ನಾನು ಏನೋ ವಿವರಿಸಲು ಹೋದೆ.

“ಒಳಗ ಸಾಯಾಕತ್ತಾವ. ನೀವು ಮಾತಾಡಿ ಅವನ್ನ ಉಳಿಸಬ್ಯಾಡ್ರಿ,” ಎಂದಳು.

ಬಾಯಿ ಮುಚ್ಚಿಕೊಂಡು ಕಾಲು ಒತ್ತಿದೆ. ಜ್ವರ ಇಳಿದ ಮೇಲೆ ಮನೆಮನೆಗೆ ಹೋಗಿ, ನಾನು ಹೇಳಿದ್ದು ತಪ್ಪು, ಗುಳಿಗೆ ನುಂಗಿರಿ ಎಂದು ಕೈಮುಗಿದೆ.

“ಆವಾಗೂ ಹಿಂಗ ಖಾತ್ರಿಲೇ ಹೇಳಿದ್ರಿ,” ಎಂದ ಪಕ್ಕದ ಮನೆಯವನು.

ಆಶಾ ಕಾರ್ಯಕರ್ತೆಯನ್ನು ಕರೆಸಿ, ಓಣಿಯ ನಡುವೆ ನಿಂತು, ಎಲ್ಲರೆದುರು ನನ್ನ ಪಾಲಿನ ಗುಳಿಗೆ ನುಂಗಿ ಬಾಯಿ ತೆರೆದೆ. ಓಣಿಯವರು ಒಬ್ಬೊಬ್ಬರಾಗಿ ಬಂದು ಇಣುಕಿ, ನಾಲಿಗೆ ಎತ್ತಿಸಿ, ತಮ್ಮ ಪಾಲಿನದನ್ನು ಇಸಿದುಕೊಂಡು ನುಂಗಿದರು. ಅವರೆಲ್ಲ ಮುಗಿಯುವತನಕ ನಾನು ಬಾಯಿ ತೆರೆದೇ ನಿಂತಿದ್ದೆ, ಒಂದು ಮಾತೂ ಆಡದೆ.